ಬಿದ್ದ ಮರದಿಂದ ಒಣಗಿದ ಹಲಗೆಯವರೆಗೆ: ಮನೆಯಲ್ಲೇ ದಿಮ್ಮಿ ಕೊಯ್ಯುವ ಸಮಗ್ರ ಮಾರ್ಗದರ್ಶಿ

ಹಲಸಿನ ದಿಮ್ಮಿಯ ಮೊದಲ ಕೊಯ್ತ ಮುಗಿದು, ತೊಗಟೆಯ ಹಲಗೆಯನ್ನು ಪಕ್ಕಕ್ಕೆ ಉರುಳಿಸಿದಾಗ ಒಳಗೆ ಕಾಣುವ ಹಳದಿಯನ್ನು ಒಮ್ಮೆ ನೋಡಬೇಕು. ಅರಿಶಿನ ಅರೆದು ಹಚ್ಚಿದಂಥ ಹಸಿ ಬಣ್ಣ. ಗಾಳಿ ಬೆಳಕು ತಾಗಿದಂತೆ ಅದು ಜೇನಿನ ಬಣ್ಣಕ್ಕೆ ಬರುತ್ತದೆ, ವರ್ಷಗಳು ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅಂಗಡಿಯಿಂದ ತಂದ ಹಲಗೆಯಲ್ಲಿ ಈ ಮೊದಲ ಬಣ್ಣ ಯಾರಿಗೂ ಸಿಗುವುದಿಲ್ಲ. ದಿಮ್ಮಿ ಕೊಯ್ಯುವ ಕೆಲಸಕ್ಕೆ ನಾನು ಅಂಟಿಕೊಂಡದ್ದು ಆ ಬಣ್ಣ ಕಂಡ ದಿನ.

ಗಾಳಿಗೆ ಉರುಳಿದ, ಕಟ್ಟಡಕ್ಕೆ ಅಡ್ಡವೆಂದು ಕಡಿದ, ವಯಸ್ಸಾಗಿ ಒಣಗಿದ ಎಷ್ಟೋ ಒಳ್ಳೆಯ ಮರಗಳು ಸೌದೆಯಾಗಿ ಹೋಗುತ್ತವೆ. ಅವುಗಳಲ್ಲಿ ಬೆಂಚು, ಕಪಾಟು, ಮೇಜಿನ ಮೇಲ್ಮೈ ಎಲ್ಲವೂ ಇರುತ್ತವೆ. ಅದನ್ನು ಹೊರತೆಗೆಯುವ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಕೊಯ್ಯುವುದು ಒಂದು ದಿನದ ಕೆಲಸ, ಒಣಗಿಸುವುದು ಒಂದು ವರ್ಷದ್ದು. ನಾನು ಕಂಡಂತೆ ಹಾಳಾದ ಹಲಗೆಗಳಲ್ಲಿ ಹೆಚ್ಚಿನವು ಹಾಳಾದದ್ದು ಒಟ್ಟಿದ ಜಾಗದಲ್ಲೇ. ಹಾಗಾಗಿ ಒಣಗಿಸುವ ಮಾತೇ ಇಲ್ಲಿ ಹೆಚ್ಚು.

ದಿಮ್ಮಿ ಆರಿಸುವುದು

ಮೊದಲು ಅನುಮತಿ. ಸ್ವಂತ ಜಾಗದ ಮರವಾದರೂ ಕಡಿಯಲು, ಸಾಗಿಸಲು ಹಲವು ಕಡೆ ಕಾನೂನಿನ ಒಪ್ಪಿಗೆ ಬೇಕು. ಅದನ್ನು ಕಾಗದದಲ್ಲಿ ಪಡೆದ ಮೇಲೆಯೇ ಗರಗಸ ಎತ್ತಿ.

ನೆಟ್ಟಗೆ ಬೆಳೆದ ಮರದ ಬುಡದ ಭಾಗ, ಮೊದಲ ಕೊಂಬೆಯವರೆಗಿನ ಕಾಂಡ, ಎಲ್ಲಕ್ಕಿಂತ ಒಳ್ಳೆಯದು. ಕೊಂಬೆ ಎಷ್ಟೇ ದಪ್ಪವಿದ್ದರೂ ಹಲಗೆಗೆ ಬೇಡ. ವಾಲಿ ಬೆಳೆಯುವ ಮರ ತನ್ನ ಭಾರ ಹೊರಲು ಒಂದು ಪಕ್ಕದಲ್ಲಿ ಬೇರೆಯೇ ಬಗೆಯ ಮರವನ್ನು ಕಟ್ಟಿಕೊಳ್ಳುತ್ತದೆ. ತೇಗ, ಮಾವಿನಂಥ ಅಗಲ ಎಲೆಯ ಮರಗಳಲ್ಲಿ ಇದು ವಾಲಿದ ಮೇಲ್ಭಾಗದಲ್ಲಿ, ಪೈನ್‌ನಂಥ ಸೂಜಿ ಎಲೆಯ ಮರಗಳಲ್ಲಿ ಕೆಳಭಾಗದಲ್ಲಿ. ಅಡ್ಡ ಕೊಯ್ದು ನೋಡಿದರೆ ತಿರುಳು, ಅಂದರೆ ಉಂಗುರಗಳೆಲ್ಲ ಸುತ್ತುವ ನಡುಚುಕ್ಕೆ, ಕಾಂಡದ ನಡುವೆ ಇರದೆ ಒಂದು ಕಡೆಗೆ ಸರಿದಿರುತ್ತದೆ. ಅಂಥ ದಿಮ್ಮಿಯ ಹಲಗೆ ಗರಗಸದಿಂದ ಬಿಡಿಸಿಕೊಳ್ಳುವಾಗಲೇ ಬಿಲ್ಲಿನಂತೆ ಬಾಗುತ್ತದೆ. ತೊಗಟೆಯ ಗೀರುಗಳು ಕಾಂಡದ ಸುತ್ತ ಹಗ್ಗ ಹೊಸೆದಂತೆ ಸುತ್ತಿದ್ದರೆ ಒಳಗಿನ ನಾರೂ ಹಾಗೇ ಇದೆ ಎಂದರ್ಥ. ಅದು ಒಣಗುವಾಗ ತಿರುಚಿಕೊಳ್ಳುತ್ತದೆ.

ಉದ್ದ ನಿಮ್ಮ ಕೆಲಸಕ್ಕೆ ಬೇಕಾದ್ದಕ್ಕಿಂತ 20ರಿಂದ 30 ಸೆಂ.ಮೀ. ಹೆಚ್ಚಿರಲಿ, ತುದಿಗಳು ಬಿರಿದರೆ ಕತ್ತರಿಸಿ ತೆಗೆಯಬಹುದು. ಹಾಗೆಂದು ದುರಾಸೆ ಬೇಡ. 45 ಸೆಂ.ಮೀ. ಅಡ್ಡಳತೆ, 2.4 ಮೀಟರ್ ಉದ್ದದ ಹಸಿ ದಿಮ್ಮಿ 350ರಿಂದ 400 ಕಿಲೋ ತೂಗುತ್ತದೆ. ಹಾರೆ, ಉರುಳುಗಂಬಗಳಿಂದ ಇಬ್ಬರು ಸಂಭಾಳಿಸಬಹುದಾದದ್ದು ಅಷ್ಟೇ.

ಅಳತೆಯ ಬಗ್ಗೆ ಒಂದು ಮಾತು. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವ ಹಳೆಯ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಅದು ದಿಮ್ಮಿಯ ನಿಜವಾದ ಗಾತ್ರದ ಸುಮಾರು 78.5 ಶೇಕಡಾವನ್ನು ಮಾತ್ರ ತೋರಿಸುತ್ತದೆ. ಕೊಯ್ತದಲ್ಲಿ ಹೋಗುವುದನ್ನು ಮೊದಲೇ ಕಳೆದಂತೆ. ಚೌಕದ ತೊಲೆ ಬೇಕಿದ್ದರೆ ದಿಮ್ಮಿಯ ಅಡ್ಡಳತೆಯನ್ನು 0.7ರಿಂದ ಗುಣಿಸಿ. 45 ಸೆಂ.ಮೀ. ದಿಮ್ಮಿಯಿಂದ 31 ಸೆಂ.ಮೀ. ಚೌಕ ಬರುತ್ತದೆ.

ಮನೆಯ ಸುತ್ತ ಬೆಳೆದ ಮರದಲ್ಲಿ ಮೊಳೆ, ತಂತಿ ಇದ್ದೇ ಇರುತ್ತವೆ ಎಂದುಕೊಳ್ಳಿ. ಬಟ್ಟೆ ಒಣಗಿಸುವ ಹಗ್ಗಕ್ಕೆ ಹೊಡೆದ ಮೊಳೆಯನ್ನು ಮರ ಇಪ್ಪತ್ತು ವರ್ಷದಲ್ಲಿ ಪೂರ್ತಿ ನುಂಗಿರುತ್ತದೆ. ನೆಲದಿಂದ ಆಳೆತ್ತರದವರೆಗಿನ ಭಾಗವೇ ಅಪಾಯದ್ದು, ಒಳ್ಳೆಯ ಹಲಗೆ ಸಿಗುವುದೂ ಅಲ್ಲೇ. ಕೈಯಲ್ಲಿ ಹಿಡಿಯುವ ಲೋಹಶೋಧಕದಿಂದ ಸುತ್ತಲೂ ಸವರಿ. ಅದು ಸಿಗದಿದ್ದರೆ ಅಡ್ಡ ಕೊಯ್ದ ತುದಿಯನ್ನು ನೋಡಿ: ಕಬ್ಬಿಣ ಮರದ ಒಗರಿನ ಜೊತೆ ಸೇರಿ ಮಸಿಯಂಥ ನೀಲಿಗಪ್ಪು ಕಲೆ ಬಿಡುತ್ತದೆ. ಆ ಕಲೆ ಉದ್ದಕ್ಕೂ ಹರಿಯುವುದರಿಂದ ಒಂದಡಿ ದೂರದ ಮೊಳೆಯನ್ನೂ ತೋರಿಸಿಕೊಡುತ್ತದೆ.

ಬಿದ್ದ ದಿನವೇ ತುದಿ ಮುಚ್ಚಿ

ಮರದ ನೀರು ಬದಿಗಳಿಂದ ಹೋಗುವುದಕ್ಕಿಂತ ಕೊಯ್ದ ತುದಿಗಳಿಂದ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಹೋಗುತ್ತದೆ. ತುದಿ ಒಣಗಿ ಕುಗ್ಗುತ್ತದೆ, ಒಳಗಿನ ಮರ ಇನ್ನೂ ಉಬ್ಬಿಕೊಂಡೇ ಇರುತ್ತದೆ, ನಡುವೆ ಬಿರುಕು ಬೀಳುತ್ತದೆ. ಅದನ್ನು ಆಮೇಲೆ ಮುಚ್ಚುವ ಉಪಾಯವಿಲ್ಲ. ಕರಗಿಸಿದ ಮೇಣ, ತುದಿಗೆಂದೇ ಸಿಗುವ ಮೇಣದ ದ್ರಾವಣ, ಏನೂ ಇಲ್ಲದಿದ್ದರೆ ಮನೆಯಲ್ಲಿ ಉಳಿದ ಎಣ್ಣೆ ಬಣ್ಣ ಎರಡು ಸಲ ದಪ್ಪಗೆ ಬಳಿಯಿರಿ. ಬಿಸಿಲಿನಲ್ಲಿ ಎರಡು ದಿನ ಬಿಟ್ಟ ದಿಮ್ಮಿಗೆ ಬಳಿದರೆ ಬಿದ್ದ ಬಿರುಕಿಗೆ ಬಣ್ಣ ಹಚ್ಚಿದಂತಾಗುತ್ತದೆ, ಅಷ್ಟೇ.

ಮಾವಿನಂಥ ತಿಳಿ ಬಣ್ಣದ ಮರಗಳನ್ನು ದಿಮ್ಮಿಯಾಗಿ ತಿಂಗಳುಗಟ್ಟಲೆ ಇಡಬೇಡಿ. ಬೂಷ್ಟು ಒಳಗೆ ಹರಡಿ ಬೂದುನೀಲಿ ಗೆರೆ ಮೂಡಿಸುತ್ತದೆ. ಚೇಗು, ಅಂದರೆ ಕಾಂಡದ ಒಳಗಿನ ಬಲಿತ ಗಾಢ ಬಣ್ಣದ ಮರ, ಗಟ್ಟಿಯಾದ ಹಲಸು, ತೇಗ ತುಸು ತಾಳಿಕೊಳ್ಳುತ್ತವೆ.

ಯಾವ ಗರಗಸ

ಮನೆಮಟ್ಟಕ್ಕೆ ಎರಡು ದಾರಿಗಳಿವೆ. ಒಂದು, ಚೈನ್‌ಸಾ ಅಲಗಿಗೆ ಬಿಗಿಯುವ ಚೌಕಟ್ಟು, ಅಲಾಸ್ಕನ್ ಮಿಲ್ ಎಂದು ಕರೆಯುವುದು ಇದನ್ನೇ. ಇದನ್ನು ದಿಮ್ಮಿ ಬಿದ್ದಲ್ಲಿಗೇ ಒಯ್ಯಬಹುದು. ಇನ್ನೊಂದು, ಹಳಿಗಳ ಮೇಲೆ ಓಡುವ ಬ್ಯಾಂಡ್‌ಸಾ ಮಿಲ್, ಅಂದರೆ ತೆಳು ಪಟ್ಟಿಯಂಥ ಅಲಗು ಸುತ್ತುವ ಗರಗಸ. ದಿಮ್ಮಿ ಅದರ ಬಳಿಗೆ ಬರಬೇಕು.

ವ್ಯತ್ಯಾಸ ಇರುವುದು ಗರಗಸ ತಿನ್ನುವ ಮರದಲ್ಲಿ. ಚೈನ್‌ಸಾ ಪ್ರತಿ ಕೊಯ್ತಕ್ಕೂ ಸುಮಾರು 9 ಮಿ.ಮೀ. ಪುಡಿ ಮಾಡುತ್ತದೆ, ಬ್ಯಾಂಡ್‌ಸಾ 2ರಿಂದ 3 ಮಿ.ಮೀ. ಮಾತ್ರ. 40 ಸೆಂ.ಮೀ. ಚೌಕದ ತೊಲೆಯಿಂದ 25 ಮಿ.ಮೀ. ಹಲಗೆ ಸೀಳಿದರೆ ಚೈನ್‌ಸಾ 12 ಹಲಗೆ ಕೊಡುತ್ತದೆ, ಬ್ಯಾಂಡ್‌ಸಾ 14. ವರ್ಷಕ್ಕೆ ಮೂರು ನಾಲ್ಕು ದಿಮ್ಮಿ ಕೊಯ್ಯುವವರಿಗೆ ಆ ಎರಡು ಹಲಗೆಗಾಗಿ ದೊಡ್ಡ ಯಂತ್ರ ಬೇಡ ಎಂಬುದು ನನ್ನ ಅಭಿಪ್ರಾಯ. ದಪ್ಪ ಹಲಗೆ ಸೀಳುವವರಿಗಂತೂ ನಷ್ಟ ಇನ್ನೂ ಕಡಿಮೆ.

ಚೈನ್‌ಸಾ ಆರಿಸಿದರೆ ಎಂಜಿನ್ 60 ಸಿಸಿಗಿಂತ ಕಡಿಮೆ ಇರಬಾರದು. 50 ಸೆಂ.ಮೀ. ಮೀರಿದ ಅಗಲಕ್ಕೆ 90 ಸಿಸಿ ಹತ್ತಿರದ್ದೇ ಬೇಕು. ಸರಪಳಿಯೂ ಬೇರೆ: ಅಡ್ಡ ಕತ್ತರಿಸುವ ಸರಪಳಿಯ ಹಲ್ಲಿನ ಮೇಲಂಚು 30 ಡಿಗ್ರಿ ಆಸುಪಾಸಿನ ಓರೆಯಲ್ಲಿ ಇರುತ್ತದೆ, ಉದ್ದಕ್ಕೆ ಸೀಳುವುದಕ್ಕೆ 10 ಡಿಗ್ರಿ. ಹಳೆಯ ಸರಪಳಿಯನ್ನೇ ಅರ ಹಾಕಿ 10 ಡಿಗ್ರಿಗೆ ತರಬಹುದು. ಕೊಯ್ದ ಮೈ ಎಷ್ಟು ನಯವಾಗುತ್ತದೆಂದರೆ ಆಮೇಲೆ ಕೀಸುವ ಕೆಲಸ ಅರ್ಧ ಉಳಿಯುತ್ತದೆ.

ಮೈ ಕಾಪಾಡಿಕೊಳ್ಳುವುದು

ಸರಪಳಿ ತಡೆಯುವ ಕಾಲುಗವಚ, ಗಟ್ಟಿ ಬೂಟು, ಹೆಲ್ಮೆಟ್, ಕಣ್ಣು ಮುಚ್ಚುವ ಕನ್ನಡಕ, ಕಿವಿಗವುಸು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ದಿನ ಕೊಯ್ತ ಬೇಡ. ಚೈನ್‌ಸಾ ಸದ್ದು 100 ಡೆಸಿಬಲ್ ದಾಟುತ್ತದೆ, ಮಿಲ್ಲಿಂಗ್‌ನಲ್ಲಿ ಅದು ನಿಮಿಷಗಟ್ಟಲೆ ಒಂದೇ ಸಮನೆ ಕಿವಿಯ ಪಕ್ಕದಲ್ಲಿರುತ್ತದೆ.

ಜನ ಮರೆಯುವುದು ಮಾಸ್ಕನ್ನು. ಮರದ ಪುಡಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿನಲ್ಲಿ ಸೇರಿಸಿದೆ. ತೇಗದ ಪುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಎಂಜಿನ್ ಹೊಗೆ ನಿಮ್ಮ ಮುಖದ ಮಟ್ಟದಲ್ಲೇ ಇರುವುದರಿಂದ ಗಾಳಿ ಬೆನ್ನ ಹಿಂದಿನಿಂದಲೋ ಪಕ್ಕದಿಂದಲೋ ಬೀಸುವಂತೆ ದಿಮ್ಮಿಯನ್ನು ತಿರುಗಿಸಿಡಿ. ಒಬ್ಬರೇ ಕೊಯ್ಯಬೇಡಿ.

ಕೊಯ್ಯುವ ಮುನ್ನ ದಿಮ್ಮಿಯನ್ನು ಓದುವುದು

ದಿಮ್ಮಿಯ ತುದಿಯ ಎದುರು ಕೂತು ಹತ್ತು ನಿಮಿಷ ನೋಡುವುದು ಇಡೀ ದಿನದ ಮುಖ್ಯ ಕೆಲಸ.

ಮರ ಒಣಗುವಾಗ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಒಂದು ಪಾಲು ಕುಗ್ಗಿದರೆ ಬೆಳವಣಿಗೆಯ ಉಂಗುರದ ಸುತ್ತ ಸರಿಸುಮಾರು ಎರಡು ಪಾಲು ಕುಗ್ಗುತ್ತದೆ. ಕಡಿಮೆ ಕುಗ್ಗುವ ಮರವೆಂದು ಹೆಸರಾದ ತೇಗದಲ್ಲೂ, ಹಸಿಯಿಂದ ಪೂರ್ತಿ ಒಣಗುವವರೆಗೆ ಇದು ಸುಮಾರು 2.5 ಮತ್ತು 5.8 ಶೇಕಡಾ. ಕೈಗೆ ಸಿಗುವ ಲೆಕ್ಕದಲ್ಲಿ ಹೇಳುವುದಾದರೆ, 30 ಸೆಂ.ಮೀ. ಅಗಲದ ತೇಗದ ಹಲಗೆ ಶೇ 12ರ ತೇವಕ್ಕೆ ಬರುವಾಗ, ಉಂಗುರಗಳು ಅಗಲಕ್ಕೆ ಮಲಗಿದ್ದರೆ ಸುಮಾರು 1 ಸೆಂ.ಮೀ. ಕಳೆದುಕೊಳ್ಳುತ್ತದೆ, ಉಂಗುರಗಳು ಎದ್ದು ನಿಂತಿದ್ದರೆ ಅದರ ಅರ್ಧದಷ್ಟು ಮಾತ್ರ.

ಈ ಒಂದು ಸಂಗತಿಯಿಂದ ಉಳಿದದ್ದೆಲ್ಲ ತಾನಾಗಿ ಹೊರಡುತ್ತದೆ. ತಿರುಳು ಹಲಗೆಯ ನಡುವೆ ಸಿಕ್ಕಿಕೊಂಡರೆ ಸುತ್ತಲಿನ ಉಂಗುರಗಳು ಕುಗ್ಗಲು ಜಾಗವಿಲ್ಲದೆ ಹಲಗೆ ಬಿರಿಯಲೇಬೇಕು. ಉಂಗುರಗಳು ಮಲಗಿದ ಹಲಗೆ ದೋಣಿಯಂತೆ ಬಾಗುತ್ತದೆ. ತೊಗಟೆಯ ಕಡೆಯ ಮುಖ ತಗ್ಗಾಗುತ್ತದೆ, ತಿರುಳಿನ ಕಡೆಯದು ಉಬ್ಬುತ್ತದೆ. ಉಂಗುರಗಳನ್ನು ಹಿಡಿದು ನೆಟ್ಟಗೆ ಮಾಡಲು ಯಾರೋ ಎಳೆಯುತ್ತಿದ್ದಾರೆ ಎಂದು ನೆನೆಸಿಕೊಂಡರೆ ಯಾವ ಹಲಗೆ ಎತ್ತ ಬಾಗುತ್ತದೆಂದು ತುದಿ ನೋಡಿಯೇ ಹೇಳಬಹುದು.

ಕೊಯ್ಯುವ ಕ್ರಮಗಳು ಮೂರು. ಮೇಲಿಂದ ಕೆಳಗೆ ಬ್ರೆಡ್ ಕತ್ತರಿಸಿದಂತೆ ಸೀಳುವುದು ಸುಲಭ, ಅಗಲವಾದ ಹಲಗೆ ಸಿಗುತ್ತದೆ. ನಡುವಿನ ಹಲಗೆಗಳಲ್ಲಿ ಉಂಗುರ ಎದ್ದು ನಿಂತಿರುತ್ತವೆ, ಮೇಲಿನವುಗಳಲ್ಲಿ ಮಲಗಿರುತ್ತವೆ. ದಿಮ್ಮಿಯನ್ನು ತಿರುಗಿಸುತ್ತ ನಾಲ್ಕೂ ಕಡೆಯಿಂದ ತೆಗೆದು, ತಿರುಳನ್ನು ಒಂದು ಚೌಕ ತೊಲೆಯೊಳಗೆ ಬಿಡುವುದು ಎರಡನೆಯದು. ದಿಮ್ಮಿಯನ್ನು ನಾಲ್ಕು ಹೋಳು ಮಾಡಿ ಪ್ರತಿ ಹೋಳನ್ನೂ ತಿರುಳಿನತ್ತ ಮುಖವಿಟ್ಟು ಸೀಳುವುದು ಮೂರನೆಯದು. ಹಲಗೆ ಕಿರಿದಾಗುತ್ತದೆ, ಆದರೆ ಅಲುಗಾಡದ ಹಲಗೆ ಅದೇ. ಮೊದಲ ದಿಮ್ಮಿಗೆ ನಾನು ಹೇಳುವುದು ಬ್ರೆಡ್ಡಿನ ಕ್ರಮ. ತಿರುಳು ಬಂದ ನಡು ಹಲಗೆಯನ್ನು ಮಾತ್ರ ಅಲ್ಲೇ ಉದ್ದಕ್ಕೆ ಎರಡಾಗಿ ಸೀಳಿ, ತಿರುಳಿನ ಎರಡೂ ಪಕ್ಕ ಎರಡು ಬೆರಳಗಲ ತೆಗೆದು ಸೌದೆಗೆ ಹಾಕಿ. ಮಿಕ್ಕ ಎರಡು ಪಟ್ಟಿಗಳು ಆ ದಿಮ್ಮಿಯ ಅತ್ಯುತ್ತಮ ಹಲಗೆಗಳಾಗುತ್ತವೆ.

ಮೊದಲ ಕೊಯ್ತ

1. ದಿಮ್ಮಿಯನ್ನು ಎರಡು ಅಡ್ಡ ಕಂಬಗಳ ಮೇಲೆ ಮೊಣಕಾಲೆತ್ತರಕ್ಕೆ ಏರಿಸಿ, ಎರಡೂ ಕಡೆ ಬೆಣೆ ಹೊಡೆದು ಅಲುಗದಂತೆ ಮಾಡಿ. ಗರಗಸ ಸಾಗುವ ದಿಕ್ಕಿಗೆ ತುಸು ಇಳಿಜಾರಿರಲಿ, ಯಂತ್ರದ ಭಾರವೇ ಅರ್ಧ ಕೆಲಸ ಮಾಡುತ್ತದೆ.

2. ತೊಗಟೆಯಲ್ಲಿ ಮಣ್ಣು, ಮರಳು ಇದ್ದರೆ ಉಜ್ಜಿ ತೆಗೆಯಿರಿ. ಸರಪಳಿಯನ್ನು ಮರಕ್ಕಿಂತ ಬೇಗ ಮೊಂಡು ಮಾಡುವುದು ಮಣ್ಣು.

3. ಎರಡೂ ತುದಿಗಳಲ್ಲಿ ತಿರುಳಿಗೆ ಗುರುತು ಹಾಕಿ. ಬುಡ ದಪ್ಪ, ತಲೆ ಸಣ್ಣ ಇರುವುದರಿಂದ ಮೇಲ್ಮೈಯನ್ನು ನಂಬಬೇಡಿ. ಎರಡೂ ತುದಿಗಳಲ್ಲಿ ತಿರುಳಿನಿಂದ ಒಂದೇ ಎತ್ತರಕ್ಕೆ ಅಳೆದು, ರಸಮಟ್ಟ ಇಟ್ಟು ಅಡ್ಡಗೆರೆ ಎಳೆಯಿರಿ.

4. ಆ ಗೆರೆಗಳಿಗೆ ಹೊಂದಿಸಿ ದಿಮ್ಮಿಯ ಮೇಲೆ ನೆಟ್ಟಗಿನ ಅಲ್ಯೂಮಿನಿಯಂ ಏಣಿಯನ್ನೋ ಎರಡು ಲೋಹದ ಕೊಳವೆಗಳನ್ನೋ ತಿರುಪಿನಿಂದ ಬಿಗಿಯಿರಿ. ಮೊದಲ ಕೊಯ್ತಕ್ಕೆ ಚೌಕಟ್ಟು ಜಾರುವುದು ಇದರ ಮೇಲೆ. ತಿರುಪಿನ ತುದಿ ಕೊಯ್ತದ ಮಟ್ಟಕ್ಕೆ ಇಳಿಯದಂತೆ ಅಳೆದು ನೋಡಿ. ಒಂದು ತುದಿಯಲ್ಲಿ ನಿಂತು ಇನ್ನೊಂದನ್ನು ಕಣ್ಣಳತೆಯಲ್ಲಿ ನೋಡಿ. ಏಣಿ ತಿರುಚಿದ್ದರೆ ಮುಂದಿನ ಪ್ರತಿ ಹಲಗೆಯೂ ತಿರುಚಿಯೇ ಬರುತ್ತದೆ.

5. ಎಂಜಿನ್ ಪೂರ್ತಿ ವೇಗಕ್ಕೆ ಬಂದ ಮೇಲೆ ಮರಕ್ಕೆ ತಾಗಿಸಿ. ಒತ್ತಬೇಡಿ. ಒಂದಡಿ ಸಾಗಿದ ಮೇಲೆ ಹಿಂದಿನ ಸೀಳಿಗೆ ಮರದ ಅಥವಾ ಪ್ಲಾಸ್ಟಿಕ್ಕಿನ ಬೆಣೆ ಇಡಿ, ಉಕ್ಕಿನದು ಎಂದಿಗೂ ಬೇಡ. ಕೊಯ್ತ ಮುಗಿದೊಡನೆ ಎಂಜಿನ್ ಆರಿಸದೆ ಒಂದು ನಿಮಿಷ ಮೆಲ್ಲಗೆ ಓಡಲು ಬಿಟ್ಟು ತಣಿಸಿ.

6. ಮೊದಲ ಮುಖ ಸಮವಾದರೆ ಏಣಿಯ ಕೆಲಸ ಮುಗಿಯಿತು. ಇನ್ನು ಕೊಯ್ದ ಮುಖವೇ ಮುಂದಿನದಕ್ಕೆ ದಾರಿ.

ಪ್ರತಿ ಒಂದೆರಡು ಕೊಯ್ತಕ್ಕೆ ಅರ ಹಾಕಲೇಬೇಕು. ಬೀಳುವ ಪುಡಿಯನ್ನು ಗಮನಿಸಿ: ರವೆಯಂತಿದ್ದರೆ ಸರಿ, ಗೋಧಿಹಿಟ್ಟಿನಂತಾಗಿ ಹೊಗೆಯಾಡಿದರೆ ಹಲ್ಲು ಮೊಂಡಾಗಿದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಇದು ಬೇಗ ಆಗುತ್ತದೆ. ಅಲಗು ಒಂದು ಕಡೆಗೆ ಇಳಿಯುತ್ತಾ ಹೋದರೆ ಎಡಬಲದ ಹಲ್ಲುಗಳು ಒಂದೇ ಉದ್ದಕ್ಕಿಲ್ಲ ಎಂದರ್ಥ.

ದಪ್ಪದ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ. 20 ಮಿ.ಮೀ. ಹಲಗೆ ಬೇಕಿದ್ದರೆ 28ರಿಂದ 30ಕ್ಕೆ ಕೊಯ್ಯಿರಿ. ಕುಗ್ಗುವುದಕ್ಕೆ, ಬಾಗಿದ್ದನ್ನು ಕೀಸಿ ತೆಗೆಯುವುದಕ್ಕೆ ಅಷ್ಟು ಬೇಕು. ಮೇಜಿನ ಕಾಲಿಗೆ 55 ಮಿ.ಮೀ., ಬೆಂಚಿನ ಮೇಲ್ಮೈಗೆ 45ರಿಂದ 50.

ಒಟ್ಟುವುದು

ನನ್ನ ಮೊದಲ ಒಟ್ಟಿಲನ್ನು ಆರು ತಿಂಗಳ ನಂತರ ಬಿಚ್ಚಿದಾಗ ಹಲಗೆಗಳ ಮೈ ಅಲೆಅಲೆಯಾಗಿತ್ತು. ಮರ ಒಳ್ಳೆಯದೇ, ಕೊಯ್ತವೂ ನೇರ. ಹಲಗೆಗಳ ನಡುವೆ ಇಟ್ಟ ಪಟ್ಟಿಗಳು ಮಾತ್ರ ಒಂದರ ಮೇಲೊಂದು ನೇರವಾಗಿರಲಿಲ್ಲ; ಮೇಲಿನ ಭಾರ ಪಟ್ಟಿಯಿಂದ ಪಟ್ಟಿಗೆ ಇಳಿಯದೆ ಹಲಗೆಯ ನಡುವಿಗೆ ಬಿದ್ದಿತ್ತು. ಹಸಿ ಮರ ಹೇಗೆ ಒಣಗುತ್ತದೋ ಆ ಆಕಾರದಲ್ಲೇ ನಿಲ್ಲುತ್ತದೆ. ಅಂದಿನಿಂದ ಪಟ್ಟಿ ಇಡುವಾಗ ತೂಗುಗುಂಡು ಬಿಟ್ಟು ನೋಡುವುದು ನನ್ನ ಅಭ್ಯಾಸ.

ಜಾಗ ನೆರಳಿನದ್ದಾಗಿರಲಿ, ಗಾಳಿ ಪಕ್ಕದಿಂದ ಹಾಯುವಂತಿರಲಿ. ಕೆಳಗಿನ ಹಲಗೆ ನೆಲದಿಂದ ಒಂದೂವರೆ ಅಡಿ ಮೇಲಿರಲಿ. ಅಡಿಪಾಯದ ತೊಲೆಗಳನ್ನು ರಸಮಟ್ಟದಿಂದ ಒಂದೇ ಮಟ್ಟಕ್ಕೆ ತನ್ನಿ. ನಡುಪಟ್ಟಿಗಳು 20ರಿಂದ 25 ಮಿ.ಮೀ. ಚೌಕ, ಎಲ್ಲವೂ ಒಂದೇ ದಪ್ಪ, ಪೂರ್ತಿ ಒಣಗಿದ ಮರದವು. ಹಸಿ ಪಟ್ಟಿ ಇಟ್ಟರೆ ಹಲಗೆಯ ಮೇಲೆ ಅಳಿಸಲಾಗದ ಅಡ್ಡ ಕಲೆ ಕೂರುತ್ತದೆ. 40ರಿಂದ 60 ಸೆಂ.ಮೀ.ಗೆ ಒಂದರಂತೆ ಇಡಿ, ತುದಿಯ ಪಟ್ಟಿ ತುದಿಗೆ ಸರಿಯಾಗಿ ಬರಲಿ. ಮೇಲೆ ಕಲ್ಲು, ಇಟ್ಟಿಗೆ ಹೇರಿ, ಅದರ ಮೇಲೆ ಮಳೆ ತಡೆಯುವ ತಗಡು. ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿ ಕಟ್ಟಬೇಡಿ, ಒಳಗೆ ಬೂಷ್ಟು ಬೆಳೆಯುತ್ತದೆ.

ವೇಗದ ವಿಷಯದಲ್ಲಿ ಮರಮರಕ್ಕೂ ಬುದ್ಧಿ ಬೇರೆ. ಓಕ್, ಜಾಲಿಯಂಥ ಗಟ್ಟಿ ಮರ, 50 ಮಿ.ಮೀ. ಮೀರಿದ ಹಲಗೆ ಮೊದಲ ತಿಂಗಳಲ್ಲಿ ನಿಧಾನ ಬೇಡುತ್ತವೆ. ಗಾಳಿ ಜೋರಿದ್ದರೆ ಪಕ್ಕಕ್ಕೆ ಗೋಣಿ ಇಳಿಬಿಡಿ, ಇಲ್ಲದಿದ್ದರೆ ಮೈಮೇಲೆ ಕೂದಲೆಳೆ ಬಿರುಕು ಬೀಳುತ್ತವೆ. ಮಾವಿನಂಥ ಹಗುರ, ತಿಳಿ ಬಣ್ಣದ ಮರಕ್ಕೆ ಇದರ ತದ್ವಿರುದ್ಧ: ಕೊಯ್ದ ದಿನವೇ ಒಟ್ಟಿ, ಗಾಳಿಗೆ ಪೂರ್ತಿ ತೆರೆದಿಡಿ, ಇಲ್ಲದಿದ್ದರೆ ನೀಲಿ ಕಲೆ ಗೆಲ್ಲುತ್ತದೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಮಾತು ಒರಟು ಲೆಕ್ಕ. ಹಗುರ ಮರ ಅದಕ್ಕಿಂತ ಬೇಗ ಒಣಗುತ್ತದೆ, ಗಟ್ಟಿ ಮರದ ದಪ್ಪ ಹಲಗೆ ಅದನ್ನೂ ಮೀರಿಸುತ್ತದೆ.

ಹುಳು

ಎರಡು ಬಗೆಯ ತೂತುಗಳನ್ನು ಬೇರೆಬೇರೆಯಾಗಿ ಗುರುತಿಸಲು ಕಲಿಯಿರಿ. ಸೂಜಿ ಚುಚ್ಚಿದಂಥ ತೂತಿನ ಅಂಚು ಕಪ್ಪಾಗಿದ್ದರೆ ಅದು ಹಸಿ ದಿಮ್ಮಿಗೆ ಬರುವ ಹುಳು. ಮರ ಒಣಗಿದರೆ ತಾನೇ ಹೋಗುತ್ತದೆ. ಅಂಚು ಬಿಳಿಯಾಗಿದ್ದು, ತಟ್ಟಿದರೆ ಮೈದಾದಂಥ ನುಣ್ಣನೆ ಪುಡಿ ಉದುರಿದರೆ ಅದು ಕುಟ್ಟೆ. ಅದು ಒಣಗಿದ ಮರದಲ್ಲೇ ಸಂಸಾರ ಹೂಡುತ್ತದೆ. ಅದಕ್ಕೆ ಬೇಕಾದ್ದು ತೊಗಟೆಯ ಒಳಗಿನ ಬಿಳಿ ಮರದ ಪಿಷ್ಟ, ಚೇಗನ್ನು ಅದು ಮುಟ್ಟುವುದಿಲ್ಲ. ಬಿಳಿ ಭಾಗವನ್ನು ಕತ್ತರಿಸಿ ತೆಗೆಯುವುದೇ ಗಟ್ಟಿ ಮದ್ದು. ಉಳಿಸಿಕೊಳ್ಳಲೇಬೇಕೆಂದರೆ 60 ಪಾಲು ಬೋರಾಕ್ಸ್, 40 ಪಾಲು ಬೋರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕದಡಿ, ಹಲಗೆ ಇನ್ನೂ ಹಸಿಯಿರುವಾಗಲೇ ಬಳಿಯಿರಿ. ಒಳಗಿನ ತೇವದ ಮೂಲಕವೇ ಅದು ಆಳಕ್ಕೆ ಇಳಿಯುವುದು. ಮಳೆಗೆ ತೊಳೆದುಹೋಗುವುದರಿಂದ ಹೊರಾಂಗಣಕ್ಕೆ ಪ್ರಯೋಜನವಿಲ್ಲ. ತರಕಾರಿ ಹೆಚ್ಚುವ ಮಣೆಗೆ ಬಳಸಬಾರದು.

ಒಣಗಿತೇ?

ಹಸಿ ಮರದಲ್ಲಿ ನೀರಿನ ತೂಕ ಮರದ ಒಣ ತೂಕದಷ್ಟೇ ಇರಬಹುದು, ಅಂದರೆ ಶೇ 100. ಶೇ 30ರ ಆಸುಪಾಸಿಗೆ ಇಳಿಯುವವರೆಗೆ ಮರ ಕುಗ್ಗುವುದೇ ಇಲ್ಲ. ಮೊದಲ ತಿಂಗಳು ಹಲಗೆ ನೆಟ್ಟಗಿದೆ ಎಂದು ಹಿಗ್ಗಬೇಡಿ. ಅದಕ್ಕಿಂತ ಕೆಳಗೆ ಗಾಳಿಯ ತೇವವೇ ಮಿತಿ. ಗಾಳಿಯ ಆರ್ದ್ರತೆ ಶೇ 65 ಇದ್ದಲ್ಲಿ ಮರ ಸುಮಾರು 12ಕ್ಕೆ ನಿಲ್ಲುತ್ತದೆ, 80 ಇದ್ದಲ್ಲಿ ಸುಮಾರು 16ಕ್ಕೆ. ಎಷ್ಟು ವರ್ಷ ಕಾದರೂ ಇನ್ನು ಇಳಿಯುವುದಿಲ್ಲ.

ಸೂಜಿಯ ತೇವಮಾಪಕವಿದ್ದರೆ ತುದಿಯಲ್ಲಿ ಅಳೆಯಬೇಡಿ. ಒಂದಡಿ ಒಳಗೆ ಕೊಯ್ದು, ಹೊಸ ಮೈಯ ನಡುವಿಗೆ ಚುಚ್ಚಿ. ಮಾಪಕ ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ಒಂದು ಚಿಕ್ಕ ತುಂಡು ಕೊಯ್ದು ತೂಗಿ, ಓವನ್ನಿನಲ್ಲಿ 103 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. ಕಳೆದ ತೂಕವನ್ನು ಒಣ ತೂಕದಿಂದ ಭಾಗಿಸಿ. 230 ಗ್ರಾಂ ಇದ್ದದ್ದು 200ಕ್ಕೆ ಇಳಿದರೆ ತೇವ ಶೇ 15.

ಆಮೇಲೆ ಹಲಗೆಗಳನ್ನು, ಮುಗಿದ ವಸ್ತು ಇರಬೇಕಾದ ಕೋಣೆಗೆ ತಂದು ಪಟ್ಟಿ ಇಟ್ಟು ಮೂರು ನಾಲ್ಕು ವಾರ ಬಿಡಿ.

ಹಲಗೆಯಿಂದ ಕೆಲಸಕ್ಕೆ

ಬಾಗಿದ ಹಲಗೆಯ ತಗ್ಗಾದ ಮುಖ ಕೆಳಗೆ ಬರುವಂತೆ ಇಟ್ಟರೆ ಎರಡು ಅಂಚುಗಳ ಮೇಲೆ ಅದು ಅಲುಗದೆ ಕೂರುತ್ತದೆ. ಮೇಲಿನ ಉಬ್ಬನ್ನು ಕೀಸುಳಿಯಿಂದ ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ ತೆಗೆಯಿರಿ. ಎರಡು ತುದಿಗಳಲ್ಲಿ ಎರಡು ನೆಟ್ಟಗಿನ ಕಡ್ಡಿಗಳನ್ನು ಅಡ್ಡ ಇಟ್ಟು ಒಂದರ ಮೇಲಿಂದ ಇನ್ನೊಂದನ್ನು ನೋಡಿ. ಅಂಚುಗಳು ಒಂದಕ್ಕೊಂದು ಹೊಂದಿದರೆ ತಿರುಚು ಹೋಗಿದೆ. ಆ ಮುಖಕ್ಕೆ ಗುರುತು ಹಾಕಿ. ಅದಕ್ಕೆ ಮೂಲೆಮಟ್ಟ ಹಿಡಿದು ಒಂದು ಅಂಚು, ಅದರಿಂದ ಅಗಲ, ಕಡೆಗೆ ದಪ್ಪ. ಒಂದೇ ದಿನ ಅಂತಿಮ ಅಳತೆಗೆ ತರಬೇಡಿ. 2 ಮಿ.ಮೀ. ಉಳಿಸಿ ನಾಲ್ಕೈದು ದಿನ ಬಿಟ್ಟರೆ, ಮೈ ತೆಗೆದಾಗ ಬಿಡುಗಡೆಯಾದ ಬಿಗಿತಕ್ಕೆ ಹಲಗೆ ಮತ್ತೆ ತುಸು ಅಲುಗುತ್ತದೆ. ಆಗ ಕೊನೆಯ ಸಲ ಕೀಸಿ.

ಮೊದಲ ಕೆಲಸಕ್ಕೆ ಬೆಂಚು ಒಳ್ಳೆಯದು. ಹೊರಗಿಡುವ ಬೆಂಚಾದರೆ ಚೇಗು ಮಾತ್ರ ಬಳಸಿ, ಯಾವ ಮರದ ಬಿಳಿ ಭಾಗವೂ ಮಳೆಯಲ್ಲಿ ಬಾಳುವುದಿಲ್ಲ. ಕಾಲುಮಣೆ ಮಾಡುವವರಿಗೆ ಪೂರ್ತಿ ಒಣಗುವವರೆಗೆ ಕಾಯುವ ಅಗತ್ಯವೂ ಇಲ್ಲ: ಕಾಲುಗಳು ತುಸು ಹಸಿಯಿದ್ದು, ಅಡ್ಡಪಟ್ಟಿಯ ಗೂಟ ಚೆನ್ನಾಗಿ ಒಣಗಿದ್ದರೆ, ಕಾಲು ಒಣಗುತ್ತಾ ಕುಗ್ಗಿ ಗೂಟವನ್ನು ಅಂಟಿಲ್ಲದೆಯೇ ಕಚ್ಚಿ ಹಿಡಿಯುತ್ತದೆ.

ಅಗಲವಾದ ಮೇಜಿನ ಮೇಲ್ಮೈಯನ್ನು ಚೌಕಟ್ಟಿಗೆ ಬಿಗಿಯುವಾಗ ನಡುವಿನ ತಿರುಪನ್ನು ಮಾತ್ರ ಗುಂಡು ತೂತಿನಲ್ಲಿ ಗಟ್ಟಿ ಮಾಡಿ. ಅಂಚಿನ ತಿರುಪುಗಳಿಗೆ ಹಲಗೆಯ ಅಗಲದ ದಿಕ್ಕಿನಲ್ಲಿ 8ರಿಂದ 10 ಮಿ.ಮೀ. ಉದ್ದದ ಕಂಡಿ ಕೊರೆದು ವಾಷರ್ ಹಾಕಿ. ಮಳೆಗಾಲದಲ್ಲಿ ಹಲಗೆ ಹಿಗ್ಗಿದಾಗ, ಬೇಸಿಗೆಯಲ್ಲಿ ಕುಗ್ಗಿದಾಗ ತಿರುಪು ಆ ಕಂಡಿಯಲ್ಲಿ ಜರುಗುತ್ತದೆ.